ದ್ವೀಪರಕ್ಷಣೆಯ ಲೆಕ್ಕ

ವರ್ಷವರ್ಷವೂ ಫೆಬ್ರವರಿ 15ನೆಯ ತಾರೀಖು ಬಂದಾಗ ಸಿಂಗಪುರದ ಜನರು ತಮ್ಮ ದ್ವೀಪವು 1942ರಲ್ಲಿ ಜಪಾನೀಯರ ವಶವಾದ ದಿನವನ್ನು ನೆನೆಯುತ್ತಾರೆ. ಇದು ಹಳೆಯ ಯುದ್ಧದ ಹಳೆಯ ಕಥೆಯೆಂದು ನಮ್ಮ ವಾಚಕರಲ್ಲಿ ಕೆಲವರಿಗೆ ತೋರಬಹುದು. ಆದರೆ ಅಲ್ಪ ಆದಾಯದ ಸಣ್ಣ ದ್ವೀಪವೊಂದು ತನ್ನ ಕರಾವಳಿಯನ್ನು ತನ್ನ ಶಕ್ತಿಗೆ ನಿಲುಕುವ ವೆಚ್ಚದಲ್ಲಿ ಕಾಪಾಡಿಕೊಳ್ಳುವುದು ಹೇಗೆ, ಆ ಲೆಕ್ಕವನ್ನು ಬರೆಯತಕ್ಕವರು ಯಾರು ಎಂಬ ಪ್ರಶ್ನೆಗಳಿಗೆ ಸಿಂಗಪುರಕ್ಕಿಂತ ಸ್ಪಷ್ಟವಾದ ಉತ್ತರ ಬೇರೆಲ್ಲಿಯೂ ದೊರೆಯದೆಂದು ನಾವು ನಂಬುತ್ತೇವೆ.

ಸಿಂಗಪುರದಲ್ಲಿ ನೌಕಾನೆಲೆಯನ್ನು ಕಟ್ಟಬೇಕೆಂದು ಲಂಡನ್ನಿನ ಸರಕಾರದವರು 1921ರಲ್ಲಿ ತೀರ್ಮಾನಿಸಿದರು. 1924ರಲ್ಲಿ ಕಾರ್ಮಿಕ ಪಕ್ಷದ ಮಂತ್ರಿಮಂಡಲವು ಕೆಲಸವನ್ನು ನಿಲ್ಲಿಸಿತು. ಅದರ ತರುವಾಯ ಬಂದವರು ಪುನಃ ಆರಂಭಿಸಿದರು. ಕರಾವಳಿಗೆ ಭಾರಿ ತೋಪುಗಳು ಬೇಕೆಂದು ಒಂದು ಪಕ್ಷದವರೂ, ಕಡಮೆ ವೆಚ್ಚದ ಟಾರ್ಪೆಡೊ ವಿಮಾನಗಳೇ ಸಾಕೆಂದು ವಿಮಾನದಳದ ಮುಖ್ಯಸ್ಥರಾದ ಟ್ರೆಂಚರ್ಡರೂ ವಾದಿಸುತ್ತಿರಲು ಕಾಲವು ಕಳೆಯಿತು. ಹಣವನ್ನು ಮಾತ್ರ ಎಲ್ಲ ಕಡೆಗಳಿಂದಲೂ ಕೂಡಿಸಲಾಯಿತು. ಮಲಯದ ಸಂಯುಕ್ತ ಸಂಸ್ಥಾನಗಳು 20 ಲಕ್ಷ ಪೌಂಡುಗಳನ್ನೂ, ನ್ಯೂಜಿಲೆಂಡ್ 10 ಲಕ್ಷವನ್ನೂ, ಹಾಂಗ್‌ಕಾಂಗ್ ಎರಡೂವರೆ ಲಕ್ಷವನ್ನೂ ಕೊಟ್ಟವು. 1935ರಲ್ಲಿ ಜೋಹೋರಿನ ಸುಲ್ತಾನರು 5 ಲಕ್ಷ ಪೌಂಡುಗಳ ಕಾಣಿಕೆಯನ್ನೊಪ್ಪಿಸಿದರು. ಹೀಗೆ ತೆತ್ತ ಮಲಯದ ಪ್ರಜೆಗೆ, ಈ ಹಣವನ್ನು ಯಾವುದಕ್ಕೆ ವಿನಿಯೋಗಿಸಬೇಕೆಂದು ಹೇಳುವ ಅಧಿಕಾರ ಕಿಂಚಿತ್ತೂ ಇರಲಿಲ್ಲ.

1938ನೆಯ ಫೆಬ್ರವರಿ 14ರಂದು ನೆಲೆಯ ಪ್ರಾರಂಭೋತ್ಸವವು ವೈಭವದಿಂದ ನಡೆಯಿತು. 15 ಅಂಗುಲದ ಐದು ತೋಪುಗಳು ಸಮುದ್ರವನ್ನು ಕಾಯಲು ಸಿದ್ಧವಾದವು. ಅವು ನೆಲದ ಕಡೆಗೆ ತಿರುಗುತ್ತಲೇ ಇರಲಿಲ್ಲವೆಂಬುದು ಜನರಲ್ಲಿ ಹಬ್ಬಿದ ತಪ್ಪು ಮಾತು, ಹಲವು ತಿರುಗುತ್ತಿದ್ದವು. ಆದರೆ ಅವುಗಳಿಗೆ ಒದಗಿಸಿದ ಗುಂಡುಗಳಲ್ಲಿ ಬಹುಪಾಲು ಯುದ್ಧನೌಕೆಯ ಉಕ್ಕನ್ನು ಸೀಳುವುದಕ್ಕೆ ಮಾಡಿದವು. ಕಾಡಿನೊಳಗಿಂದ ಬರುವ ಕಾಲಾಳಿನ ಮೇಲೆ ಅವುಗಳ ಉಪಯೋಗ ಅಷ್ಟಕ್ಕಷ್ಟೆ. ನೆಲೆಯಿದ್ದಿತು, ನೌಕಾಬಲವಿರಲಿಲ್ಲ. ಹಡಗುಗಳು ಬಂದು ಸೇರುವವರೆಗೆ ದ್ವೀಪವು ತಡೆದು ನಿಲ್ಲಬೇಕಾದ ಅವಧಿಯನ್ನು 1939ರಲ್ಲಿ 180 ದಿನಗಳಿಗೆ ಏರಿಸಲಾಯಿತು.

ವೈರಿಯು ಹಿಂಬಾಗಿಲಿನಿಂದ ಬರುವನೆಂದು ಯಾರೂ ತಿಳಿದಿರಲಿಲ್ಲವೇ? ತಿಳಿದಿದ್ದರು. ಮಲಯದ ದಂಡನಾಯಕರಾಗಿದ್ದ ಡಾಬಿಯವರು, ಶತ್ರುವು ಉತ್ತರದಲ್ಲಿಳಿದು ನೆಲದ ಮಾರ್ಗವಾಗಿ ಬರಬಲ್ಲನು, ಮಳೆಗಾಲವೂ ಅವನನ್ನು ತಡೆಯಲಾರದು ಎಂದು 1937ರಲ್ಲಿಯೇ ವರದಿ ಮಾಡಿದ್ದರು. ಆ ವರದಿಯನ್ನು ಸಿದ್ಧಪಡಿಸುವಲ್ಲಿ ನೆರವಾದವರು ಮುಂದೆ ಶರಣಾಗತಿಗೆ ಸಹಿ ಹಾಕಿದ ಪರ್ಸಿವಲ್ಲರೇ! ಆ ಎಚ್ಚರಿಕೆಯ ಫಲವಾಗಿ ಭೂರಕ್ಷಣೆಗೆಂದು ಮಂಜೂರಾದ ಮೊಬಲಗು 60,000 ಪೌಂಡು. ಅದರಲ್ಲಿ ವ್ಯಯವಾದುದು 23,000 ಮಾತ್ರ. ಕೋಟಿ ಲೆಕ್ಕದಲ್ಲಿ ಖರ್ಚು ಮಾಡಿದವರು ಸಾವಿರದ ಲೆಕ್ಕದಲ್ಲಿ ಮಿತವ್ಯಯವನ್ನು ಮೆರೆದರು. ಕೆರೆಯ ಏರಿಗೆ ಮುಂದೆ ಕಲ್ಲುಕಟ್ಟಡವನ್ನು ಕಟ್ಟಿ, ಹಿಂದೆ ಬಿದ್ದ ಬಿಲಕ್ಕೆ ಒಂದು ಬುಟ್ಟಿ ಮಣ್ಣು ಹಾಕದ ಪಟೇಲನ ವಿವೇಕವಿದು.

ಬ್ರಿಟನ್ನು ಆಗ ಯೂರೋಪಿನಲ್ಲಿ ಪ್ರಾಣಸಂಕಟದಲ್ಲಿತ್ತು, ವಿಮಾನಗಳನ್ನು ಎಲ್ಲಿಂದ ತರಬೇಕಿತ್ತು ಎಂದು ಕೆಲವರು ಹೇಳುವರು. ಈ ವಾದದಲ್ಲಿ ಸತ್ಯವಿಲ್ಲದಿಲ್ಲ. ಮಲಯಕ್ಕೆ 336 ವಿಮಾನಗಳು ಬೇಕೆಂದು ಸೇನಾಮುಖ್ಯರೇ ಒಪ್ಪಿದ್ದರೂ, ಯುದ್ಧ ಪ್ರಾರಂಭವಾದ ದಿನ ಅಲ್ಲಿದ್ದುವು ಸುಮಾರು 158. ಟ್ಯಾಂಕು ಒಂದೂ ಇರಲಿಲ್ಲ. ಆದರೆ ಹಣವಿಲ್ಲದವನೇ ಅಲ್ಲವೇ ಹೆಚ್ಚು ಯೋಚಿಸಿ ವ್ಯಯಮಾಡಬೇಕಾದವನು? ಉತ್ತರ ದಡದಲ್ಲಿ ಮುಳ್ಳುತಂತಿ, ಕಂದಕ, ಕಾವಲುಗೂಡುಗಳು, ಕುಡಿಯುವ ನೀರಿನ ಭದ್ರತೆ, ಊರಿನ ಜನರಿಗೆ ಶಸ್ತ್ರಶಿಕ್ಷಣ, ಇವುಗಳಿಗೆ ಬೇಕಾಗಿದ್ದುದು ಹಣಕ್ಕಿಂತ ಹೆಚ್ಚಾಗಿ ಮನಸ್ಸು. ಉತ್ತರ ದಡದಲ್ಲಿ ರಕ್ಷಣೆಯನ್ನು ಕಟ್ಟಿದರೆ ಜನರ ಧೈರ್ಯ ಕುಗ್ಗುವುದೆಂಬ ಉತ್ತರವು, ಅದನ್ನು ಕಟ್ಟಬೇಕೆಂದು ಬೇಡಿದ ಎಂಜಿನಿಯರಿಗೆ 1941ರ ಡಿಸೆಂಬರಿನಲ್ಲಿ ದೊರೆಯಿತು.

ಜನರ ಧೈರ್ಯದ ಮಾತನ್ನು ಆಡತಕ್ಕವರು ಜನರನ್ನು ನಂಬಿದ್ದರೇ? ಚೀನೀ ಸ್ವಯಂಸೇವಕರ ದಳವನ್ನು ಕೂಡಿಸಿದುದು ವೈರಿಯು ಮಲಯದಲ್ಲಿ ಕಾಲಿಟ್ಟ ಮೇಲೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಗೆ ಇದಕ್ಕಿಂತ ತಕ್ಕ ನಿದರ್ಶನವುಂಟೇ? 1933ರಲ್ಲಿ ಒಂದು ಪ್ರಯೋಗವೆಂದು ಪ್ರಾರಂಭವಾದ ಮಲಯ ರೆಜಿಮೆಂಟಿನವರು ಪಾಸಿರ್ ಪಾಂಜಾಂಗ್ ದಿಣ್ಣೆಗಳ ಮೇಲೆ ಕೊನೆಯವರೆಗೂ ಹೋರಾಡಿ, ಸ್ವಂತ ನೆಲಕ್ಕಾಗಿ ಕಾದುವವನ ಕೈ ಎಂಥದೆಂಬುದನ್ನು ತೋರಿಸಿಕೊಟ್ಟರು.

ಈ ತಪ್ಪು ಲೆಕ್ಕದ ಬಾಕಿಯನ್ನು ತೆತ್ತವರಲ್ಲಿ ನಮ್ಮವರೂ ಉಂಟು. ಸೆರೆಸಿಕ್ಕಿ ಫಾರರ್ ಪಾರ್ಕಿನಲ್ಲಿ ನಿಂತ ಭಾರತೀಯ ಸಿಪಾಯಿಗಳು 40,000ಕ್ಕೂ ಹೆಚ್ಚು. ಮೈಸೂರು ಸಂಸ್ಥಾನದ ಕಾಲಾಳು ದಳವೂ ಆ ದ್ವೀಪದ ಕಾವಲಿನಲ್ಲಿತ್ತು. ತಮ್ಮದಲ್ಲದ ಆಳಿಕೆಗಾಗಿ, ತಮ್ಮನ್ನು ಕೇಳದೆ ಹೂಡಿದ ಯೋಜನೆಯಲ್ಲಿ ಅವರು ಬಲಿಯಾದರು. ಸಾವಿರಾರು ಚೀನೀ ಪೌರರು ಜಪಾನೀಯರ ಕೈಯಲ್ಲಿ ಕೊಲೆಯಾದರು.

ಸ್ವತಂತ್ರವಾದ ಸಿಂಗಪುರವು ಈ ಪಾಠವನ್ನು ಮರೆಯಲಿಲ್ಲ. 1967ರಲ್ಲಿ ತನ್ನ ತರುಣರೆಲ್ಲರಿಗೂ ಸೈನಿಕಸೇವೆಯನ್ನು ಕಡ್ಡಾಯ ಮಾಡಿತು. ಸೋತ ಆ ದಿನವನ್ನೇ ಸಮಗ್ರ ರಕ್ಷಣೆಯ ದಿನವೆಂದು ಆಚರಿಸುತ್ತಿದೆ. ಕಡ್ಡಾಯವು ಎಲ್ಲ ದೇಶಗಳಿಗೂ ಒಪ್ಪುವುದೆಂದು ನಾವು ಹೇಳುತ್ತಿಲ್ಲ. ಆದರೆ ತೀರದ ಮೇಲೆ ಬಾಳುವ ಜನರು ಯಜಮಾನರಾಗಿ ಕುಳಿತು ಬರೆದ ಲೆಕ್ಕದಲ್ಲಿ ಹಿಂಬಾಗಿಲು ಮರೆತು ಹೋಗುವ ಸಂಭವ ಕಡಮೆ. ಏಕೆಂದರೆ ಆ ಬಾಗಿಲಿನ ಹಿಂದೆ ಮಲಗುವವರು ಅವರ ಮಕ್ಕಳೇ. ಸಣ್ಣ ರಾಜ್ಯದ ಬೊಕ್ಕಸಕ್ಕೆ ನಿಲುಕುವ ರಕ್ಷಣೆಯ ಮೊದಲ ಬಾಬು ಪ್ರಜೆಯಲ್ಲಿ ನಂಬಿಕೆ. ತೋಪಿನ ಬಾಬು ಅದರ ತರುವಾಯದ್ದು.