ವಿಂಗಡಿಸುವುದು ಯಂತ್ರ, ನಿರಾಕರಿಸುವುದು ಅಧಿಕಾರಿ

ಕಳೆದ ವಾರ ಮೈಸೂರಿನಿಂದ ತಂಗಿಯ ಮಗ ಕರೆ ಮಾಡಿದ್ದ. ಬೇಸಿಗೆಗೆ ಅವನ ತಂದೆತಾಯಿ ಮಿಸ್ಸಿಸಾಗಾದ ನಮ್ಮ ಮನೆಗೆ ಬರಬೇಕೆಂದು ಸಂದರ್ಶಕ ವೀಸಾ ಅರ್ಜಿ ಸಿದ್ಧವಾಗುತ್ತಿದೆ. "ಮಾವ, ಕೆನಡಾದಲ್ಲಿ ಈಗ ಎಐ ಅರ್ಜಿ ನೋಡಿ ತಿರಸ್ಕರಿಸುತ್ತದಂತೆ. ಅದಕ್ಕೆ ಒಪ್ಪುವ ಹಾಗೆ ಪತ್ರ ಬರೆದುಕೊಡಲು ಏಜೆಂಟರು ಬೇರೆ ಹಣ ಕೇಳುತ್ತಿದ್ದಾರೆ. ಕೊಡಲೇ?"

ಬೇಡವೆಂದೆ. ಕಾರಣ ತಿಳಿಯಬೇಕಾದರೆ ಕೆಲವು ಪದಗಳನ್ನು ಬಿಡಿಸಿ ನೋಡಬೇಕು.

ಕೆಲಸವೊಂದನ್ನು ಮಾಡುವ ಹಂತಹಂತದ ಕ್ರಮವೇ ಆಲ್ಗಾರಿದಮ್. ಜ್ವರದ ರೋಗಿಗೆ ಮೊದಲು ಯಾವ ಪರೀಕ್ಷೆ, ಫಲಿತಾಂಶ ಹೀಗಿದ್ದರೆ ಮುಂದೇನು ಎಂದು ವೈದ್ಯರಾದ ನಾವು ಅನುಸರಿಸುವ ಪಟ್ಟಿಯೂ ಅದೇ. ಯಂತ್ರಕಲಿಕೆ ಭಿನ್ನವಾದುದು. ಅಲ್ಲಿ ನಿಯಮಗಳನ್ನು ನಾವು ಬರೆದುಕೊಡುವುದಿಲ್ಲ. ಹಿಂದಿನ ಉದಾಹರಣೆಗಳನ್ನು ಒದಗಿಸುತ್ತೇವೆ, ಅವುಗಳಲ್ಲಿರುವ ಸಾಮ್ಯವನ್ನು ಯಂತ್ರ ಗುರುತಿಸುತ್ತದೆ. ಆ ಉದಾಹರಣೆಗಳು ತರಬೇತಿ ದತ್ತಾಂಶ. ಕಲಿತು ಸಿದ್ಧವಾದದ್ದು ಮಾಡೆಲ್.

ಕೆನಡಾದ ವಲಸೆ ಇಲಾಖೆಯು 2018ರಲ್ಲಿ ಭಾರತ ಮತ್ತು ಚೀನಾದ ಆನ್‌ಲೈನ್ ಸಂದರ್ಶಕ ವೀಸಾ ಅರ್ಜಿಗಳಲ್ಲಿ ಇಂಥ ವ್ಯವಸ್ಥೆಯ ಪ್ರಯೋಗವನ್ನು ಆರಂಭಿಸಿತು. 2022ರಲ್ಲಿ ಅದನ್ನು ದೇಶದ ಹೊರಗಿನಿಂದ ಬರುವ ಎಲ್ಲ ಸಂದರ್ಶಕ ವೀಸಾ ಅರ್ಜಿಗಳಿಗೂ ವಿಸ್ತರಿಸಿತು. ಅದರ ಕೆಲಸ ವಿಂಗಡಣೆ. ಇಲ್ಲಿನ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ದಾದಿಯರು ರೋಗಿಗಳನ್ನು 5 ಹಂತಗಳಾಗಿ ವಿಂಗಡಿಸುತ್ತಾರಲ್ಲ, ಹಾಗೆ. ಸರಳವೆಂದು ಕಂಡ ಅರ್ಜಿಯ ಅರ್ಹತೆಯನ್ನು ವ್ಯವಸ್ಥೆಯೇ ಒಪ್ಪಬಹುದು. ಆದರೂ ಭದ್ರತೆ, ಅಪರಾಧ ಹಿನ್ನೆಲೆ ಮುಂತಾದವನ್ನು ನೋಡಿ ಅಂತಿಮ ನಿರ್ಧಾರ ಕೈಗೊಳ್ಳುವವರು ಅಧಿಕಾರಿ. ಉಳಿದ ಅರ್ಜಿಗಳನ್ನು ಅಧಿಕಾರಿಯೇ ಪರಿಶೀಲಿಸುತ್ತಾರೆ. ವ್ಯವಸ್ಥೆ ತಾನಾಗಿ ನಿರಾಕರಿಸುವುದಿಲ್ಲ, ನಿರಾಕರಿಸುವಂತೆ ಶಿಫಾರಸನ್ನೂ ಮಾಡುವುದಿಲ್ಲ ಎಂದು ಇಲಾಖೆ ಹೇಳುತ್ತದೆ. ಏಜೆಂಟರು ಹೆಸರಿಸುವ 'ಚಿನೂಕ್' ಅರ್ಜಿಯ ವಿವರಗಳನ್ನು ಅಧಿಕಾರಿಗೆ ಒಂದೆಡೆ ತೋರಿಸುವ ಎಕ್ಸೆಲ್ ಆಧಾರಿತ ಸಾಧನವಷ್ಟೇ. ಅದು ಎಐ ಅಲ್ಲವೆಂಬುದೂ ಇಲಾಖೆಯದೇ ಸ್ಪಷ್ಟನೆ.

ಹಾಗೆಂದು ಆತಂಕಕ್ಕೆ ಆಧಾರವೇ ಇಲ್ಲವೆಂದಲ್ಲ. ಮಾಡೆಲ್ ಕಲಿಯುವುದು ಹಿಂದಿನ ನಿರ್ಧಾರಗಳಿಂದ. ಅವುಗಳಲ್ಲಿ ಪೂರ್ವಗ್ರಹವಿದ್ದರೆ ಅದೂ ಕಲಿಕೆಯಲ್ಲಿ ಸೇರುತ್ತದೆ. ತುರ್ತು ವಿಭಾಗದಲ್ಲಿ ಕೊನೆಯ ಹಂತಕ್ಕೆ ಹಾಕಿದವರನ್ನು ಯಾರೂ ಹೊರಗಟ್ಟುವುದಿಲ್ಲ. ಆದರೆ ಅವರು ಹೆಚ್ಚು ಕಾಯುತ್ತಾರೆ, ವೈದ್ಯನ ಕಣ್ಣೂ ಆ ಹಣೆಪಟ್ಟಿಯನ್ನು ನೋಡಿಯೇ ರೋಗಿಯನ್ನು ನೋಡುತ್ತದೆ. ಆದ್ದರಿಂದ ವಿಂಗಡಣೆಯೂ ನಿರಪಾಯಕರವಲ್ಲ. ಸ್ವಯಂಚಾಲಿತ ನಿರ್ಧಾರಗಳ ಕುರಿತು ಕೆನಡಾ ಸರ್ಕಾರ 2019ರಲ್ಲಿ ಜಾರಿಗೆ ತಂದ ನಿರ್ದೇಶನವು ಇಂಥ ವ್ಯವಸ್ಥೆಗಳ ಪರಿಣಾಮವನ್ನು ಅಂದಾಜಿಸಿ ಪ್ರಕಟಿಸುವಂತೆ ವಿಧಿಸಿರುವುದು ಇದಕ್ಕಾಗಿಯೇ.

ಅರ್ಜಿದಾರರು ಮಾಡಬೇಕಾದುದು ಸರಳ. ನಮೂನೆಯನ್ನು ಸತ್ಯವಾಗಿ ತುಂಬಿರಿ. ಆದಾಯ, ಆಸ್ತಿ, ಊರಿಗೆ ಮರಳುವ ಕಾರಣ ಇವುಗಳಿಗೆ ದಾಖಲೆ ಕೊಡಿ. ಸುಳ್ಳು ವಿವರ ಸಿಕ್ಕಿಬಿದ್ದರೆ 5 ವರ್ಷ ಪ್ರವೇಶ ನಿಷೇಧವಾಗಬಹುದು; ಅದನ್ನು ಅನುಭವಿಸುವವರು ನೀವು, ಏಜೆಂಟರಲ್ಲ. ವೀಸಾ ನಿರಾಕರಣೆಯಾದರೆ ಊಹೆಗೆ ಬೀಳಬೇಡಿ. ನಿಮ್ಮ ಒಪ್ಪಿಗೆಪತ್ರ ಪಡೆದು, ಇಲ್ಲಿರುವ ಬಂಧುಗಳು ಮಾಹಿತಿ ಹಕ್ಕಿನ ಕಾನೂನಿನಡಿ 5 ಡಾಲರ್ ಶುಲ್ಕ ಕಟ್ಟಿ ಅಧಿಕಾರಿಯ ಟಿಪ್ಪಣಿಗಳನ್ನು ಕೇಳಬಹುದು. ಮರು ಅರ್ಜಿಗೆ ಅದೇ ಆಧಾರ.

ತಂಗಿಯ ಮಗ ಏಜೆಂಟರಿಗೆ ಹಣ ಕೊಡಲಿಲ್ಲ. ಅವನ ತಂದೆ ತಾವೇ ಒಂದು ಪುಟದ ಪತ್ರ ಬರೆದಿದ್ದಾರೆ. ಓದಿದೆ, ಒಂದು ಪದವನ್ನೂ ತಿದ್ದಬೇಕೆನಿಸಲಿಲ್ಲ.