ಒಂದೇ ಕಡಿ ಹೋಗು "ರೀ"

"ನಮ್ಮ ಮಾತಿನ್ಯಾಗ ಹೆಣ್ಣು ಗಂಡು ಅಂತ ಭೇದ ಇಲ್ಲ, ಇರೋದು ಬರೇ ಮರ್ಯಾದಿ" ಅನ್ನೋ ಗಂಡಸರು ನಮ್ಮ ಕಡೆ ಭಾಳ ಮಂದಿ ಅದಾರ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಯಾವ ಊರಿಗೆ ಬೇಕಾದ್ರೂ ಹೋಗಿ ಒಂದು ಮನಿ ಕಟ್ಟಿ ಮ್ಯಾಲ ಅರ್ಧಾ ತಾಸು ಕೂತು ಕೇಳ್ರಿ. ಆಕಿ ಅಂತಾಳ, "ಊಟಕ್ಕ ಬರ್ರಿ, ರೊಟ್ಟಿ ಆರತಾವ." ಅಂವ ಅಂತಾನ, "ಏ, ನೀರು ತಾ." ಮರ್ಯಾದಿ ಆಗಿದ್ರ ಎರಡೂ ಕಡಿ ಹೋಗಬೇಕಿತ್ತಲ್ಲ?

ಕೇಳಿದ್ರ ಉತ್ತರ ತಯಾರ ಇರ್ತದ: "ನೀ ಅನ್ನೋದು ಸಲಿಗಿ, ಪ್ರೀತಿ." ಒಪ್ಪಿದೆ. ಹಡದವ್ವಗ ನೀ ಅಂತೀವಿ. ದೇವರಿಗೂ "ನೀನೇ ಕಾಯಪ್ಪಾ" ಅಂತೀವಿ, "ಕಾಯ್ರಿ" ಅನ್ನಂಗಿಲ್ಲ. ಹಂಗಾದ್ರ ಮೂವತ್ತು ವರ್ಷ ಕೂಡಿ ಬಾಳ್ವೆ ಮಾಡಿದ ಗಂಡಗ "ನೀ" ಅಂದ್ರ ಅತ್ತಿ ಮಾರಿ ಯಾಕ ಕಪ್ಪ ಆಗತದ? ಗಂಡ ದೇವರಿಗಿಂತ ದೊಡ್ಡಂವ ಏನು?

ಇನ್ನ ಹೆಸರು. ಮದಿವ್ಯಾಗ, ಕುಬಸದಾಗ ಒಡಪು ಕಟ್ಟಿ ಗಂಡನ ಹೆಸರು ಹೇಳೋದು ನನಗೂ ಸೇರತದ. ಅಷ್ಟು ಮಂದಿ ಮುಂದ ಪ್ರಾಸ ಹೊಂದಸೋದು ಸಣ್ಣ ವಿದ್ಯಾ ಅಲ್ಲ. (ಗಂಡಸರಿಗೆ ಹೇಳ್ರಿ ಅಂದ್ರ ಒಂದು ಸಾಲು ಹೊರಡಂಗಿಲ್ಲ.) ಆದ್ರ ದವಾಖಾನ್ಯಾಗ ಚೀಟಿ ಬರೆಯೋಂವ "ಗಂಡನ ಹೆಸರೇನವ್ವಾ?" ಅಂದಾಗ, ಹಿಂದ ನಿಂತ ಮಗನ್ನ ಮುಂದ ಮಾಡೋ ಹೆಣ್ಣುಮಕ್ಕಳು ಇವತ್ತಿಗೂ ಅದಾರ. ಹೆಸರು ಹಿಡದ್ರ ಗಂಡನ ಆಯುಷ್ಯ ಕಡಿಮಿ ಆಗತದಂತ. ಸಿಟ್ಟು ಬಂದಾಗ ನಮ್ಮ ಹೆಸರು ಓಣಿಗೆ ಕೇಳೋಹಂಗ ಒದರತಾರಲ್ಲ, ನಮ್ಮ ಆಯುಷ್ಯದ ಲೆಕ್ಕಾ ಯಾರು ಇಟ್ಟಾರ?

ಹಿರೇರು ಹಾಕಿದ ದಾರಿ ಅಂತೀರೇನು? ಬಸವಣ್ಣ ಹುಟ್ಟಿದ ಬಾಗೇವಾಡಿಯವರು ನಾವು, ಹಿರೇರನ್ನ ನಮಗ ತೋರಿಸಬ್ಯಾಡ್ರಿ. 12ನೇ ಶತಮಾನದ ಆಯ್ದಕ್ಕಿ ಲಕ್ಕಮ್ಮ ತನ್ನ ವಚನದ ಅಂಕಿತದಾಗೇ ಗಂಡ ಮಾರಯ್ಯನ ಹೆಸರು ಇಟ್ಟಾಳ. ಅಂವ ಹೆಚ್ಚಿಗಿ ಅಕ್ಕಿ ಆರಿಸಿ ತಂದಾಗ, ಇಷ್ಟು ಆಸೆ ಯಾಕ, ಅಲ್ಲೇ ಸುರುವಿ ಬಾ ಅಂತ ತಿರುಗಿ ಕಳಿಸಿದಾಕಿ. ಆಕಿಗೆ ಶರಣೆ ಅಂತ ಕೈ ಮುಗಿತೀವಿ. ಮನಿ ಸೊಸಿ ಅಷ್ಟೇ ಮಾತಾಡಿದ್ರ ಬಾಯಿಬಡಕಿ. ಮಗ ಅದೇ ದನಿಯಾಗ ಮಾತಾಡಿದ್ರ "ಖಡಕ್ ಮನಿಷ್ಯಾ."

ಗ್ರಾಮ ಪಂಚಾಯ್ತಿ ಒಳಗ ಹೆಣ್ಣುಮಕ್ಕಳಿಗೆ ಶೇಕಡಾ 50 ಮೀಸಲಾತಿ ಅದ. ಸೀರಿ ಉಟ್ಟು ಕುರ್ಚಿ ಮ್ಯಾಲ ಕೂಡಾಕಿ ಆಕಿ, ಮಾತಾಡಂವ ಬಾಜೂಕ ನಿಂತ ಗಂಡ. ಮನ್ಯಾಗ "ಏ" ಅನಿಸಿಕೋತ ಬಂದಾಕಿ ಅಲ್ಲಿ ಒಮ್ಮಿಗೇ ಹೆಂಗ ದನಿ ತಗೀಬೇಕು?

ಒಡಪು ಬಿಡ್ರಿ ಅನ್ನಂಗಿಲ್ಲ ನಾ. ಮುಂದಿನ ಕುಬಸದಾಗ ಗಂಡನ್ನೂ ಬಾಜೂಕ ಕುಂದ್ರಿಸಿ ಹೆಂಡತಿ ಹೆಸರಿನ ಒಡಪು ಹೇಳಸ್ರಿ. ನಾವೂ ಕೇಳತೀವಿ.