ಮನೆಗಳು ಏಕೆ ಮೌನವಾಗಿವೆ?

ಈಚೆಗೆ ಸ್ಯಾನ್ ಡಿಯಾಗೋದಿಂದ ಲಾಸ್ ಏಂಜಲೀಸಿಗೆ ಹೋಗುವಾಗ ಸ್ನೇಹಿತರ ಮಗಳು ಕಾರಿನಲ್ಲಿ ಒಂದೇ ಹಾಡನ್ನು ಮತ್ತೆ ಮತ್ತೆ ಹಾಕುತ್ತಿದ್ದಳು. ಭಾಷೆ ರಷ್ಯನ್. ಒಂದು ಪದದ ಅರ್ಥವೂ ಅವಳಿಗೆ ತಿಳಿಯದು. ಸಾಲುಗಳು ಮಾತ್ರ ಬಾಯಿಪಾಠ. ಹಾಡಿದವನು ಬೆಲಾರೂಸಿನ ಎಗೋರ್ ಶ್ಕುಟ್ಕೊ. ಅವನ ತಂಡದ ಹೆಸರು ‘ಮೊಲ್ಚಾತ್ ದೊಮಾ’, ಎಂದರೆ ‘ಮನೆಗಳು ಮೌನವಾಗಿವೆ’.

2017ರಲ್ಲಿ ಮಿನ್ಸ್ಕ್ ನಗರದಲ್ಲಿ ರೂಪುಗೊಂಡ ಈ ತಂಡದ ಎರಡನೆಯ ಆಲ್ಬಮ್ ‘ಎತಾಝಿ’ 2018ರಲ್ಲಿ ಬಂತು. ಅದರಲ್ಲಿನ ‘ಸುದ್ನೊ’ 2020ರಲ್ಲಿ ಟಿಕ್‌ಟಾಕ್ ಮೂಲಕ ಜಗತ್ತನ್ನು ಸುತ್ತಿತು. ಅದರ ಸಾಹಿತ್ಯ, 2001ರಲ್ಲಿ ಆತ್ಮಹತ್ಯೆ ಮಾಡಿಕೊಂಡ ರಷ್ಯನ್ ಕವಿ ಬೊರಿಸ್ ರಿಝಿಯದು. ಹದಿಹರೆಯದವರು ಅದನ್ನು ತಮ್ಮ ಉಡುಪು, ಕುಣಿತಗಳ ಹಿನ್ನೆಲೆಯಾಗಿಸಿಕೊಂಡರು. 2022ರಲ್ಲಿ ತಂಡ ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಉತ್ಸವದ ವೇದಿಕೆ ಏರಿತು. ಮುಂದೆ ಲಾಸ್ ಏಂಜಲೀಸಿನಲ್ಲಿ ನೆಲೆಸಿ 2024ರಲ್ಲಿ ‘ಬೆಲಾಯ ಪೊಲೊಸಾ’ ಆಲ್ಬಮನ್ನು ಹೊರತಂದಿತು. ಇದು ವಲಸಿಗರ ಯಶೋಗಾಥೆ. ನಮಗೆ ಬಹಳ ಪ್ರಿಯವಾದ ಪ್ರಕಾರ.

ಅದೇ 2020ರ ಆಗಸ್ಟಿನಲ್ಲಿ, 1994ರಿಂದ ಅಧಿಕಾರದಲ್ಲಿರುವ ಲುಕಶೆಂಕೊ ವಿರುದ್ಧ ಮಿನ್ಸ್ಕ್‌ನ ಬೀದಿಗಳು ತುಂಬಿದವು. ಆ ಜನರ ನಡುವೆ ‘ಟೋರ್ ಬ್ಯಾಂಡ್’ ಎಂಬ ಇನ್ನೊಂದು ತಂಡದ ಹಾಡುಗಳು ಮೊಳಗಿದವು. 2023ರಲ್ಲಿ ಅದರ ಮೂವರು ಸದಸ್ಯರಿಗೆ ಏಳೂವರೆಯಿಂದ ಒಂಬತ್ತು ವರ್ಷಗಳವರೆಗಿನ ಸೆರೆವಾಸ ವಿಧಿಸಲಾಯಿತು. ಅವರ ಹಾಡು ನಮ್ಮ ಕಾರಿನವರೆಗೆ ಬರಲಿಲ್ಲ. ಅರ್ಥ ತಿಳಿಯದಿದ್ದರೂ ಸವಿಯಬಹುದಾದ ಹಾಡು ಸಲೀಸಾಗಿ ಗಡಿ ದಾಟುತ್ತದೆ. ಅರ್ಥವೇ ಜೀವಾಳವಾದ ಹಾಡು ಗಡಿಯಲ್ಲೇ ಉಳಿಯುತ್ತದೆ.

ಇದಕ್ಕಾಗಿ ಶ್ಕುಟ್ಕೊನನ್ನು ದೂರಲಾರೆ. ತವರಿನಲ್ಲಿ ಬಂಧುಗಳನ್ನು ಬಿಟ್ಟು ಬಂದವರ ಮೌನವನ್ನು ಹೇಡಿತನವೆಂದು ಕರೆಯುವ ಅಧಿಕಾರ ನನಗಿಲ್ಲ. 2021ರ ಮಾರ್ಚ್‌ನ ಅಧಿಸೂಚನೆಯ ಪ್ರಕಾರ ಓಸಿಐ ಕಾರ್ಡಿನವರು ಭಾರತದಲ್ಲಿ ಸಂಶೋಧನೆ ನಡೆಸಲು, ಪತ್ರಿಕಾವೃತ್ತಿ ಮಾಡಲು ವಿಶೇಷ ಅನುಮತಿ ಪಡೆಯಬೇಕು. ಸಂಶೋಧನೆಯೇ ನನ್ನ ಕಸುಬು. ಅಂದಿನಿಂದ ಕೆಲವು ವಾಕ್ಯಗಳನ್ನು ಬರೆದು ನಾನೇ ಅಳಿಸಿದ್ದೇನೆ.

ಆದರೆ ನಮ್ಮ ಕನ್ನಡ ಕೂಟಗಳ ಮೌನಕ್ಕೆ ಈ ನೆಪವೂ ಪೂರ್ತಿ ಸಲ್ಲದು. ರಾಜ್ಯೋತ್ಸವಕ್ಕೆ ಸಿನಿಮಾ ಗಾಯಕರನ್ನು ಕರೆಸಿ ಕುಣಿಯುತ್ತೇವೆ. ವಚನಗಳನ್ನು ಹಾಡಿಸುತ್ತೇವೆ, ಆ ವಚನಗಳಿಗೆ ಬದುಕು ಸವೆಸಿ 2015ರಲ್ಲಿ ಧಾರವಾಡದ ತಮ್ಮ ಮನೆಯ ಬಾಗಿಲಲ್ಲೇ ಗುಂಡಿಗೆ ಬಲಿಯಾದ ಎಂ.ಎಂ. ಕಲಬುರ್ಗಿಯವರ ಹೆಸರೆತ್ತಿದರೆ, 2017ರಲ್ಲಿ ಹತ್ಯೆಯಾದ ಗೌರಿ ಲಂಕೇಶರನ್ನು ನೆನೆದರೆ, ‘ಇಲ್ಲಿ ರಾಜಕೀಯ ಬೇಡ’ ಎನ್ನುತ್ತೇವೆ. ಗೊತ್ತಿಲ್ಲದ ಭಾಷೆಯ ಅರ್ಥ ಆ ಹುಡುಗಿಗೆ ತಪ್ಪಿಹೋಯಿತು. ನಾವಾದರೋ ಗೊತ್ತಿರುವ ಭಾಷೆಯ ಅರ್ಥವನ್ನೇ ಹೊರಗಿಡುತ್ತಿದ್ದೇವೆ.

ಈ ನವೆಂಬರಿನಲ್ಲಿ ಹಾಡು, ಕುಣಿತ, ಊಟ ಎಲ್ಲವೂ ಇರಲಿ. ಅದಕ್ಕೂ ಮೊದಲು ಹತ್ತು ನಿಮಿಷ ಆ ಎರಡು ಹೆಸರುಗಳಿಗೆ ಮೀಸಲಿರಲಿ. ನಮ್ಮ ಕೂಟದ ಸಮಿತಿಗೆ ಪತ್ರ ಬರೆದಿದ್ದೇನೆ. ನೀವೂ ಬರೆಯಿರಿ.